ಹೂಂಗುಟ್ಟಿದವರು

ಗುಳೇದಗುಡ್ಡದಾಗ ತಂಗಿ ಕುಬಸ.
ಚಪ್ಪಲಿ ಬಿಟ್ಟಲ್ಲೇ ಅರ್ಧ ಧೈರ್ಯ ಬಿಟ್ಟೆ.
ನೂರು ಜೋಡಿನಾಗ ನನ್ನವು ಯಾವು ಅಂತ
ಹೊಂಡುವಾಗ ಇನ್ನೊಬ್ಬರನ್ನ ಕೇಳಬೇಕು.

"ನಾ ಯಾರು, ಹೇಳು ನೋಡೂಣು?"
ಎರಡೂ ಕೈ ಹಿಡಿದು ನಿಂತಾಳ ಒಬ್ಬಾಕಿ.
ಹೆಸರು ಹೇಳಿದರ ನಾ ಜಾಣಿ,
ತಪ್ಪಿದರ "ಮರತಿ ಬಿಡು, ಬ್ಯಾಂಕಿನಾಕಿ ಆದಿ."
ಸುತ್ತ ನಾಕು ಮಂದಿ ಉಸಿರು ಹಿಡಿದು ಕಾಯತಾರ.
ಆಕಿ ತೋಳಿನ ಖಣ ಮುಟ್ಟಿದೆ, ಹೊಸಾದು, ಗಂಜಿ ಇನ್ನೂ ಇಳಿದಿಲ್ಲ.
"ಹೊಸಾ ಕುಬಸದಾಕಿ" ಅಂದೆ.
ನಕ್ಕರು. ಪಾರಾದೆ.

ಕೂಲರ್ ಮಗ್ಗಲಕ ಕೂಡಿಸಿದರು
ಭುಜ ಒತ್ತಿ, ಗಂಟು ಇಟ್ಟಂಗ.
"ಈಕಿಗೆ ಇನ್ನೊಂದು ಹೋಳಿಗಿ ಹಾಕಲೇನ್ರಿ?"
ಕೇಳಿದ್ದು ನನ್ನ ಬಾಜೂದಾಕಿನ್ನ.
ನಾ ಬ್ಯಾಡ ಅನ್ನೂದ್ರಾಗ ತುಪ್ಪ ಬಿತ್ತು.

ಆಮ್ಯಾಲ ದಾನಮ್ಮ ಬಂದಳು,
ಸಾಲ್ಯಾಗ ನನಗ ಪಾಠ ಓದಿ ಹೇಳತಿದ್ದಾಕಿ.
ಒಳಗ ಬಳಿ ಇಡಸೂ ಸಪ್ಪಳ,
ಅದರ ಮರಿಗೆ ಯಾರಿಗೂ ಹೇಳದ್ದು ಹೇಳಿದೆ:
ಸಾಲದ ವಿಭಾಗದಾಗ ಒಬ್ಬಾಂವ ಇದ್ದಾನ,
ದಿನಾ ಲೈನ್ ಜೋಡಸ್ರಿ ಅಂತಾನ,
ಜೋಡಿಸಿದ ಮ್ಯಾಲೂ ಒಂದು ಗಳಿಗಿ ನನ್ನ ಬಿಡಂಗಿಲ್ಲ.
ಹೂಂ.
ಉಸಿರಿನ ಮ್ಯಾಲ ಅವನ ಗುರುತು ಹಿಡೀತೀನಿ, ಅಂದೆ.
ಹೂಂ.
ಮೊನ್ನೆ ನನ್ನ ಸೀರಿ ಬಣ್ಣ ಯಾವುದಂತ
ಅವ್ವಗ ಮೂರು ಸಲ ಕೇಳಿದೆ, ಹುಚ್ಚಿಗತೆ.
ಹೂಂ.

ಕರೆಂಟ್ ಹೋತು.
ಹೂಂ ನಿಂತಿತು.

ಚೀಲ ಹುಡುಕಿದಂಗ ಮಾಡಿ ಮಗ್ಗಲ ಕುರ್ಚಿ ಮುಟ್ಟಿದೆ.
ತಣ್ಣಗಿತ್ತು.
ಪ್ಲಾಸ್ಟಿಕ್ಕು ಇಷ್ಟು ತಣ್ಣಗಾಗಾಕ ಎಷ್ಟು ಹೊತ್ತು ಬೇಕು?
ಯಾವ ಮಾತಿನಾಗ ಎದ್ದಳು,
ಸಾಲದ ವಿಭಾಗದಾಗೋ, ಉಸಿರಿನಾಗೋ?
ಹಿಂದ ಯಾರೋ ಕೆಮ್ಮಿದರು.
ಅದಕ್ಕ ಅರ್ಥ ಐತೋ, ಬರೇ ಒಗ್ಗರಣಿ ಘಾಟೋ.
ಸೆರಗು ಸರಿ ಮಾಡಿಕೊಂಡೆ,
ಸರಿಯಾಗೇ ಇದ್ದದ್ದನ್ನ.

ಫೋನು ಚಲೋ.
ಬಿಟ್ಟು ಹೋದರ ಟೂಂ ಅಂತೈತಿ.

ಕರೆಂಟ್ ಬಂತು. ದಾನಮ್ಮನೂ ಬಂದಳು,
ಎಲಿಅಡಿಕಿ ವಾಸನಿ ಹೊತ್ತು.
"ಅತ್ತಿ ಕರದಳವ್ವ, ಹೇಳಾಕ ಆಗಲಿಲ್ಲ. ಏನೋ ಅನ್ನಾಕತ್ತಿದ್ದಿ?"
"ಏನಿಲ್ಲ. ಹೋಳಿಗಿ ಚಲೋ ಆಗ್ಯಾವ ಅಂದೆ."

ಆಕಿ ಮುಂಗೈ ಹುಡುಕಿ ಹಿಡಕೊಂಡೆ,
ಹೊಸಾ ಬಳಿ, ಎಣಿಸಿದರ ಹನ್ನೊಂದು.
ಎಣಿಸೂದು ಮುಗಿದ ಮ್ಯಾಲೂ ಕೈ ತಗೀಲಿಲ್ಲ,
ಎದ್ದರ ಗೊತ್ತಾಗಲಿ ಅಂತ.