ಷರಾ

ಸೊಹಾರಿನ ಈ ಕಚೇರಿಯಲ್ಲಿ, ಜುಲೈ ತಿಂಗಳಲ್ಲಿ,
ಸ್ವೆಟರ್ ತೊಟ್ಟು ಕೂತು
ಹಳೆಯ ಡಿಕ್ಕಿಗಳಿಗೆ ಹೊಸ ನಂಬರು ಕೊಡುತ್ತೇನೆ.

ಮೊದಲು ಠಾಣೆಗೊಂದು ಭಾಷೆಯಿತ್ತು.
ಒಂಟೆ ಅಡ್ಡ ಬಂತು, ಎಂದು ಸಹಮ್‌ನವರು.
ಗಾಡಿ ಹೋಗಿ ಒಂಟೆಗೆ ಗುದ್ದಿತು, ಎಂದು ಶಿನಾಸ್‌ನವರು.
ಲಿವಾದಲ್ಲೊಬ್ಬ ಮುದಿ ಹವಾಲ್ದಾರ
ಏನೇ ಆಗಲಿ ಒಂದೇ ಸಾಲು ಬರೆಯುತ್ತಿದ್ದ:
ದೇವರು ಬರೆದದ್ದು.
ಒಂಟೆಗೀಗ ಎಲ್ಲೆಲ್ಲೂ ಹದಿನಾಲ್ಕು.
ಹಣೆಬರಹಕ್ಕೆ ಕೋಡ್ ಹುಡುಕಿದೆ, ಸಿಗಲಿಲ್ಲ.
ತೊಂಬತ್ತೊಂಬತ್ತು, 'ತಿಳಿದಿಲ್ಲ' ಅಂತಿತ್ತು,
ಮುದುಕನನ್ನೆಲ್ಲ ಅದರಲ್ಲಿ ಸುರಿದೆ.

ಬೈಯುತ್ತಿಲ್ಲ ನಾನು.
ಜಾರಿತು, ಮಗುಚಿತು, ಟೈರು ಸಿಡಿಯಿತು, ನಿದ್ದೆ ಬಂತು,
ಹನ್ನೊಂದು ಹೆಸರಲ್ಲಿ ಅಡಗಿಕೊಂಡಿದ್ದ ಒಂದೇ ತಿರುವು
ಸಿಕ್ಕಿಬಿದ್ದದ್ದು ಈ ನಂಬರುಗಳಿಂದಲೇ.
ಅಲ್ಲೀಗ ಕಬ್ಬಿಣದ ತಡೆಯಿದೆ, ರಾತ್ರಿ ಹೊಳೆಯುವ ಬಾಣಗಳಿವೆ.

ಯಂಕಪ್ಪ ಸಿಕ್ಕಿದ್ದು ಮಂಗಳವಾರ.
ಕುಷ್ಟಗಿ ಕಡೆಯವ, ಗಾರೆ ಕೆಲಸ.
ಶುಕ್ರವಾರ ಮುಂಜಾನೆ ಖುಬೂಸ್ ಪೊಟ್ಟಣ ಹಿಡಿದು
ಹೆದ್ದಾರಿ ದಾಟುತ್ತಿದ್ದ.
ಅರಬಿಯಲ್ಲಿ 'ಪ' ಇಲ್ಲ, ಪೊಲೀಸರಿಗೆ ಯಂಕಬ್ಬನಾದ.
ಆಸ್ಪತ್ರೆಗೆ ಎಂಕಾಪ, ಮೂವತ್ತನಾಲ್ಕು ವರ್ಷ.
ಕಂಪನಿಯ ಪುಸ್ತಕದಲ್ಲಿ ವೆಂಕಪ್ಪ, ಇಪ್ಪತ್ತೊಂಬತ್ತು.
ಆ ವರ್ಷದ ವರದಿಯಲ್ಲಿ
ಮೂರು ಜನ ರಸ್ತೆ ದಾಟಿದ್ದರು.

ಮೂವರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿದೆ.
ಊಟಕ್ಕೆ ಮುಂಚೆಯೇ ಮುಗಿಯಿತು, ಖುಷಿಯೂ ಆಯಿತು.
ಪಾದಚಾರಿ, ಇಪ್ಪತ್ತೊಂದು. ಬೆಳಕು: ಮಬ್ಬು. ರಸ್ತೆ: ಒಣ.
ಆಮೇಲೆ ಆಸ್ಪತ್ರೆಯ ಕೊನೆಯ ಹಾಳೆ ತಿರುವಿದೆ.

ಮೂವತ್ತು ದಿನದೊಳಗೆ ಸತ್ತರೆ ಸಾವು.
ಆಚೆಗೆ ಸತ್ತರೆ ತೀವ್ರ ಗಾಯ. ಕೈಪಿಡಿ, ಎರಡನೇ ಪುಟ.
ಯಂಕಪ್ಪ ಮೂವತ್ತನೇ ದಿನವೆಲ್ಲ ಉಸಿರೆಳೆದ,
ನಡುರಾತ್ರಿ ದಾಟಿಸಿದ,
ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಿಟ್ಟ.

ಸಾರ್ಜೆಂಟ್ ಖಲ್ಫಾನನನ್ನು ಕೇಳಿದೆ.
ಅವನು ಕಾವಾ ಬಗ್ಗಿಸಿ, ಖರ್ಜೂರದ ತಟ್ಟೆ ನನ್ನ ಕಡೆ ಸರಿಸಿ,
'ಗೆರೆ ಎಲ್ಲಾದರೂ ಎಳೆಯಬೇಕಲ್ಲ ಸಿಸ್ಟರ್,
ನಲವತ್ತಕ್ಕೆ ಎಳೆದರೆ
ನಲವತ್ತೊಂದನೆಯವನು ಬಂದು ನಿಲ್ಲುತ್ತಾನೆ' ಎಂದ.
ಸರಿಯಾಗಿಯೇ ಹೇಳಿದ.
ಖರ್ಜೂರದ ಬೀಜ ಎಷ್ಟೋ ಹೊತ್ತು ಬಾಯಲ್ಲೇ ಇತ್ತು.

ಸಾವಿನ ಕಾಲಮ್ಮಿನಲ್ಲಿ ಸೊನ್ನೆ ಒತ್ತಿದೆ.

ಫಾರಮ್ಮಿನ ತಳದಲ್ಲಿ ಇನ್ನೊಂದು ಖಾಲಿ ಜಾಗವಿದೆ,
ನಲವತ್ತು ಅಕ್ಷರಕ್ಕೆ ಮಾತ್ರ.
ನಮ್ಮ ಪಹಣಿಗಳಲ್ಲಿ ಅದನ್ನು ಷರಾ ಎನ್ನುತ್ತಿದ್ದರು.
ಅಲ್ಲಿ ಅವನ ಹೆಸರನ್ನು ಕನ್ನಡದಲ್ಲಿ ಬರೆದೆ.
ಯಂತ್ರಕ್ಕೆ ನಮ್ಮ ಲಿಪಿ ಬಾರದು;
ಆರು ಖಾಲಿ ಚೌಕಗಳು ಸಾಲಾಗಿ ಮೂಡಿದವು.
ಅಳಿಸಬೇಕೆಂದು ಕೈ ಇಟ್ಟೆ.
ಕೆಳಗೆ ಹಸಿರಲ್ಲಿ ಬಂತು:
ಸ್ವೀಕರಿಸಲಾಗಿದೆ, ಇನ್ನು ಮೂವತ್ತನಾಲ್ಕು ಅಕ್ಷರ ಬಾಕಿ.