ಹಿನ್ನೆಲೆ

ಬೀಡಿ ಬ್ರಾಂಚಿಗೆ ಬೀಗ ಬಿದ್ದ ವರ್ಷ
ನನಗೆ ಸಿಕ್ಕಿದ್ದೂ ಎಲೆಯದೇ ಕೆಲಸ.
ಒಂದು ಫೋನು, ಒಂದು ಕೊಡೆ,
ಪಟವೊಂದಕ್ಕೆ ಮೂರು ರೂಪಾಯಿ.
ಪೈವಳಿಕೆಯ ಪದವಿನಲ್ಲಿ ಮೊಳೆತದ್ದನ್ನೆಲ್ಲ
ಮೇಲಿಂದ, ಬದಿಯಿಂದ, ಮಗುಚಿ ಬೆನ್ನಿಂದ
ತೆಗೆದು ಕಳಿಸಬೇಕು. ಮಸುಕಾದರೆ ವಾಪಸು.
ಅದೇನು ಹೊಸತಲ್ಲ.
ಬಾಯಿ ಸರಿಯಾಗಿ ಮಡಚದ ಬೀಡಿಯನ್ನು
ಚೆಕ್ಕರ್ ಸಂಕಪ್ಪಣ್ಣ ಹೀಗೆಯೇ
ಮುಖ ನೋಡದೆ ಮುರಿದು ಎಸೆಯುತ್ತಿದ್ದರು.

"ಯಂತ್ರಕ್ಕೆ ಕಣ್ಣು ಬರಿಸುತ್ತಿದ್ದೇವೆ" ಅಂದರು ಪ್ರಸೀತಾ ಟೀಚರ್,
ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ.
"ಮಗುವಿಗೆ ತೋರಿಸಿದ ಹಾಗೆ ತೋರಿಸಬೇಕು,
ಒಂದನ್ನೇ ನೂರು ಸಲ, ನೂರು ಬೆಳಕಿನಲ್ಲಿ."
ಮಗುವಾದರೆ ಮೂರನೆಯ ಸಲಕ್ಕೆ ಕಿತ್ತು ಬಾಯಿಗಿಡುತ್ತಿತ್ತು.
ನಾನು ಹೇಳಲಿಲ್ಲ.

ಆಟಿಯಲ್ಲಿ ಮುರಕಲ್ಲು ಕಪ್ಪಗೆ ಜಾರುತ್ತದೆ.
ಕಲ್ಲಿನ ಕುಳಿಯಲ್ಲಿ ಬೆರಳ ಗೆಣ್ಣಿನಷ್ಟು ನೀರು,
ನೀರಿನಲ್ಲಿ ಉಗುರಿಗಿಂತ ಚಿಕ್ಕ ನೀಲಿ ಹೂವು, ಲೆಕ್ಕವಿಲ್ಲ.
ಹಸುರಿನ ಮುಂದೆ ಹಸುರು, ಅದರ ಹಿಂದೆ ಇನ್ನೊಂದು ಹಸುರು,
ಫೋನು ತಬ್ಬಿಬ್ಬು.
ಅದಕ್ಕೆ ನಾನೇ ಕಂಡುಕೊಂಡ ಉಪಾಯ:
ಎಡದ ಅಂಗೈಯನ್ನು ಎಲೆಯ ಹಿಂದೆ ಹಿಡಿದು
ಬಲಗೈಯಲ್ಲಿ ಒತ್ತುವುದು.
ಕತ್ತರಿ ಕಚ್ಚಿದ ಕಲೆಯ ತೋರುಬೆರಳು,
ಬೀಡಿಯ ಬಾಯಿ ಮಡಚಿ ಮಡಚಿ ಚಪ್ಪಟೆಯಾದ ಉಗುರು,
ಅವುಗಳ ಎದುರು ಎಂಥ ಎಲೆಯೂ ಮದುಮಗಳ ಹಾಗೆ
ಎದ್ದು ಕಾಣುತ್ತಿತ್ತು.

ತುಳುವಿನಲ್ಲಿ ತಜಂಕ್, ಮಲಯಾಳದಲ್ಲಿ ತಗರ,
ಶಾಲೆಯ ಕನ್ನಡದಲ್ಲಿ ತಗಚೆ,
ಯಂತ್ರಕ್ಕೆ ನೂರಾ ಹದಿನೇಳು.
ಎಲ್ಲ ಹೆಸರಿಗೂ ಓಗೊಡುವ ಈ ಗಿಡ
ಕತ್ತಲಾಗುವಾಗ ಎಲೆಗೆ ಎಲೆ ಜೋಡಿಸಿ ಮಲಗಿದರೆ ಮುಗಿಯಿತು.
ಮಲಗಿದ್ದನ್ನು ಒಮ್ಮೆ ತೋರಿಸಿ ನೋಡಿದೆ.
'ಗೊತ್ತಿಲ್ಲ' ಅಂದಿತು ಯಂತ್ರ.
ಇಷ್ಟವಾಯಿತು ನನಗೆ.
ಗೊತ್ತಿಲ್ಲ ಅನ್ನುವ ಚೆಕ್ಕರನ್ನು ನಾನು ಕಂಡವಳಲ್ಲ.

ಬುಟ್ಟಿ ಹೆಣೆಯುವ ಚನಿಯಾರು ಒಂದು ದಿನ
ಬೂರು ಹುಡುಕುತ್ತ ಅದೇ ಗುಡ್ಡೆಗೆ ಬಂದರು.
ಅವರ ಕಟ್ಟಿನ ಬಳ್ಳಿಯೆಲ್ಲ ಅವರಿಗೆ ಒಂದೇ ಬಳ್ಳಿ.
ಯಂತ್ರ ಎರಡು ಎಂದಿತು. ಮತ್ತೆ ತೋರಿಸಿದೆ, ಎರಡೇ.
ಚನಿಯಾರು ಎರಡನ್ನೂ ಮುರಿದರು,
ಮೂಸಿದರು, ಹಲ್ಲಿನಲ್ಲಿ ಸಿಗಿದರು,
ಎಷ್ಟೋ ಹೊತ್ತು ಮಾತಿಲ್ಲ.
"ಓ, ಹಾಗಾದರೆ ಕೆಲವು ಬುಟ್ಟಿ
ಎರಡೇ ಮಳೆಗೆ ಬಾಯಿ ಬಿಡುವುದು ಇದರಿಂದಲಾ!"
ನಲವತ್ತು ವರ್ಷದ ಬೈಗುಳನ್ನು
ಅಳಿಯನ ಕೈಯಿಂದ ಇಳಿಸಿ
ಆ ಬಳ್ಳಿಯ ಮೇಲೆ ಹೊರಿಸಿ, ಎದ್ದು ಹೋದರು.

ಸೋಣದಲ್ಲಿ ಪರೀಕ್ಷೆ. ಕಾಲೇಜಿನ ಮೇಜು, ಫ್ಯಾನು, ಎಂಟು ಜನ.
ಒಂದೆಲಗ ತೋರಿಸಿದರು, ಸರಿ.
ನೆಲನೆಲ್ಲಿ ತೋರಿಸಿದರು, ಸರಿ.
ಎಲ್ಲರೂ ಚಪ್ಪಾಳೆ ತಟ್ಟುವಾಗ
ಬೆವರೊರೆಸಲು ಎತ್ತಿದ ನನ್ನ ಬರಿಗೈ
ಕ್ಯಾಮರಾದ ಮುಂದೆ ಒಂದು ಗಳಿಗೆ ತಡೆಯಿತು.

ನೂರಾ ಹದಿನೇಳು. ನೂರಕ್ಕೆ ತೊಂಬತ್ತೊಂದು.

ನಕ್ಕರು. ನಾನೂ ನಕ್ಕೆ.
ಟೀಚರ್ ಮಾತ್ರ ಪಟಗಳನ್ನು ತಿರುವಿ ತಿರುವಿ ಹಾಕುತ್ತ
"ಗಿಡವನ್ನಲ್ಲ, ನಿಮ್ಮ ಕೈಯನ್ನು ಕಲಿತಿದೆ ಇದು" ಅಂದರು.
ತಜಂಕಿನ ಆರುನೂರು ಪಟವೂ ರದ್ದು.
ಇನ್ನು ಮೇಲೆ ಬೂದಿ ಬಣ್ಣದ ಒಂದು ರಟ್ಟು,
ಅದರ ಮೇಲೆ ಎಲೆ. ಕೈ ಕಾಣಬಾರದು.

ಆಗಲಿ.
ಇಪ್ಪತ್ತೆರಡು ವರ್ಷ, ದಿನಕ್ಕೆ ಎಂಟುನೂರು ಸುತ್ತಿದ ಕೈ.
ಸೋಪಿಗೂ ಹೋಗದ ಹೊಗೆಸೊಪ್ಪಿನ ವಾಸನೆ ಇನ್ನೂ ಇದೆ,
ಅದು ಮಾತ್ರ ಯಂತ್ರಕ್ಕೆ ತಲುಪಿಲ್ಲ.

ನಾಳೆ ಹಳೆಯ ಪಾಠ ಅಳಿಸುತ್ತಾರಂತೆ.
ರಾತ್ರಿ ಅಡುಗೆಮನೆಯ ಬಲ್ಬಿನ ಕೆಳಗೆ
ಇನ್ನೊಮ್ಮೆ ಎಡಗೈ ಹಿಡಿದೆ.
ತೊಂಬತ್ತೊಂದು.
ಬೆರಳಿಗೆ ಬೆರಳು ಜೋಡಿಸಿ ಮೆಲ್ಲನೆ ಮಡಚಿದೆ.
ಗೊತ್ತಿಲ್ಲ, ಅಂದಿತು.