ಹೆಬ್ಬೆಟ್ಟು

ಬೀದರಿನ ಕೋಟೆಯನ್ನ ಆ ಡಿಸೆಂಬರಿನಾಗ
ಇಪ್ಪತ್ತೆರಡು ದಿನ ಜೆರುಸಲೇಮ್ ಮಾಡಿದ್ರು.
ಕರೆಂಟಿನ ವಯರು ಮುಚ್ಚಿದ್ರು,
ಪಾರ್ಸಿ ಅಕ್ಷರದ ಕಲ್ಲಿಗೆ ಗೋಣಿತಾಟು ಕಟ್ಟಿದ್ರು.
ಮಂಗಲಪೇಟೆಯ ನಾವೆಲ್ಲ ಗುಂಪಿನ ಜನ,
ತಲೆಗೆ ಮುನ್ನೂರು, ಮ್ಯಾಲೊಂದು ಊಟದ ಪೊಟ್ಟಣ.
ಮೊದಲನೇ ದಿನ ಹೊಸಾನ್ನ ಅಂದ್ವಿ,
ಮೂರನೇ ದಿನ ಶಿಲುಬೆಗೇರಿಸು ಅಂದ್ವಿ,
ಎರಡಕ್ಕೂ ರೇಟು ಒಂದೇ.

ಯೇಸು ಬಂದದ್ದು ಹೈದರಾಬಾದಿನಿಂದ, ಎ.ಸಿ. ಗಾಡಿಯೊಳಗ.
ಆರಡಿ ಎತ್ತರ, ಕಣ್ಣು ನೀಲಿ ಅಂದ್ರ ನೀಲಿ,
ಮಿಶನ್ ದವಾಖಾನೆಯ ಕ್ಯಾಲೆಂಡರಿನೊಳಗ ಇದ್ದಂಗೇ.
ನಮ್ಮವ್ವ ನೋಡಿದ್ದೇ ಸೆರಗು ತಲೆಗೆಳಕೊಂಡ್ಳು.
ಆ ಎಳೆಬಿಸಿಲಿಗೇ ಅವನ ಮೂಗು ಸುಲಿತು,
ನಮ್ಮ ಹುಡುಗರು ಸ್ವೆಟರ್ ಹಾಕ್ಕೊಂಡು ನಿಂತಿದ್ರು.
ಒಳ್ಳೆಯವನೇ, ಸುಳ್ಳ್ಯಾಕ ಹೇಳಲಿ,
ತನ್ನ ಪಾಲಿನ ಬಾಳೆಹಣ್ಣು ಮಕ್ಕಳಿಗೆ ಕೊಡತಿದ್ದ.
ಬಡಿಗನ ಮಗ ಆಗೋದೊಂದು ಬರಲಿಲ್ಲ.
ಉಜ್ಜುಗೊರಡು ಹಿಡಿದ್ರ
ಇಸ್ತ್ರಿ ಪೆಟ್ಟಿಗೆ ಹಿಡಿದಂಗ ಕಾಣತಿತ್ತು.

ಅದಕ್ಕ ಘಾಳೆಪ್ಪ ಕಾಕಾನ ಕರೆಸಿದ್ರು.
ತೊಟ್ಟಿಲು, ಚರ್ಚಿನ ಬೆಂಚು, ಕಡೀಕ ಹೊರೋ ಪೆಟ್ಟಿಗೆ,
ನಮ್ಮ ಪೇಟೆಯೊಳಗ ಮರದ್ದು ಏನಿದ್ರೂ ಅವನ ಕೈಯದು.
ಎಡ ಹೆಬ್ಬೆಟ್ಟಿನ ಉಗುರು ಅರ್ಧ, ಗರಗಸ ತಿಂದದ್ದು.
ಕೈ ಅಷ್ಟೇ ಸಾಕು, ಅಂದ್ರು. ಮುಖ ಎತ್ತಬ್ಯಾಡ.
ಇಬ್ಬರು ಹುಡುಗಿಯರು ಒಂದು ತಾಸು ಕುಂತು
ಮೊಣಕೈ ತನಕ ಬೆಳ್ಳಗ ಬಳಿದ್ರು.
ಕಾಕಾ ಆ ಕೈಗಳನ್ನ ಮೈಯಿಂದ ದೂರ ಹಿಡಿದು
ಯಾರದೋ ಕೂಸು ಎತ್ತಿಕೊಂಡವರಂಗ ನಿಂತಿದ್ದ.

ರೊಟ್ಟಿ ಮುರಿಯೋ ಕೈ ಅವನದು,
ಕಾಲು ತೊಳೆಯೋ ಕೈ ಅವನದು,
ಮೊಳೆಗೆ ಚಾಚಿದ ಕೈಯೂ ಅವನದೇ.
ತಂದೆ ಯಾಕ ಕೈಬಿಟ್ಟ ಅಂತ ಕೇಳೋ ಬಾಯಿ ಮಾತ್ರ
ಬ್ಯಾರೆಯವರದು.

ರೊಕ್ಕ ಕೊಡೋ ದಿನ ಸಹಿ ಬೇಕಂದ್ರು.
ಕಾಕಾ ಹೆಬ್ಬೆಟ್ಟು ಒತ್ತಿದ.
ಬಣ್ಣ ಇನ್ನೂ ಬಿಟ್ಟಿರಲಿಲ್ಲ, ಗೆರೆ ಮೂಡಲಿಲ್ಲ,
ಕಾಗದದ ಮ್ಯಾಲ ಬರೀ ಒಂದು ನೀಲಿ ಮಚ್ಚೆ.
ಸೀಮೆಎಣ್ಣಿ ಹಚ್ಚಿ ತೊಳಕೊಂಡು ಬಾ ಅಂದ್ರು,
ನೀನು ಯಾರು ಅಂತ ಗೊತ್ತಾಗಬೇಕಲ್ಲ.

ಎರಡು ವರ್ಷ ಬಿಟ್ಟು ಚರ್ಚಿನ ಅಂಗಳದೊಳಗ
ಬಿಳಿ ಬಟ್ಟೆ ಕಟ್ಟಿ ತೋರಿಸಿದ್ರು.
ಯೇಸು ಕನ್ನಡ ಮಾತಾಡತಿದ್ದ,
ಟೀವಿಯೊಳಗ ವಾರ್ತೆ ಓದುವವರ ಕನ್ನಡ.
ಗುಂಪಿನೊಳಗ ನಾವು ಯಾರೂ ಕಾಣಲಿಲ್ಲ,
ನಾವು ಎಬ್ಬಿಸಿದ ಧೂಳು ಕಾಣ್ತು.
ಪಾಸ್ಟರ್ ಕಣ್ಣೊರೆಸಿಕೊಂಡ್ರು.
ರೊಟ್ಟಿ ಮುರಿಯೋ ಹೊತ್ತಿಗೆ ಕತ್ತಲೊಳಗಿಂದ
ಸುಲೋಚನಾ ಕಾಕು ಒದರಿದ್ಳು:
"ಅಯ್ಯ, ಅದು ನಮ್ಮನಿಯವರ ಹೆಬ್ಬೆಟ್ಟು!"
ಯಾರೋ ನಕ್ಕರು. ಯಾರೋ ಶ್ ಅಂದ್ರು.
ಕಾಕಾ ಎರಡೂ ಕೈ ಶಾಲಿನೊಳಗ ಎಳಕೊಂಡ.

ಹೋದ ಐತವಾರ ಪ್ರಭುಭೋಜನಕ್ಕ ಮೊಣಕಾಲೂರಿದೆ.
ಕಣ್ಣು ಮುಚ್ಚಿದ್ರ, ಏನ ಮಾಡಲಿ,
ಈಗಲೂ ಬರೋದು ಆ ನೀಲಿ ಕಣ್ಣೇ.
ಇಷ್ಟು ವರ್ಷದ ಕ್ಯಾಲೆಂಡರು
ಒಂದು ದಿನಕ್ಕ ಹರಿಯೋದಿಲ್ಲ.
ಅದರ ಕೆಳಗ ಒಂದು ಕೈ ಬರತದ,
ಅರ್ಧ ಉಗುರು, ಸಂದಿನೊಳಗ ಸಾಗವಾನಿ ಪುಡಿ.
ಮುಖ ನೋಡೋದು ಬಿಟ್ಟು
ನಾನು ಬೊಗಸೆ ಒಡ್ಡತೀನಿ.